ರಫೀಕ ನಮ್ಮಲ್ಲಿ ಉಳಿದ ರಾತ್ರಿ

ಗಂಗಾವತಿ
೧೨ ಜನವರಿ ೨೦೨೫

ಪ್ರೀತಿಯ ಶಾಂಭವಿ ಅಕ್ಕನಿಗೆ ಜಾಸ್ಮೀನಳ ಸಲಾಮು.

ನೀನು, ಕೂಸು, ನಿನ್ನ ಅತ್ತೆ ಕಳಕಮ್ಮ ಅವ್ವ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಡಿಸೆಂಬರ್ ನಡುವಿನಿಂದ ನಿನ್ನ ಫೋನು ಬಂದ್ ಇದೆ. ಮೊದಲು ಚಾರ್ಜ್ ಇರಲಿಕ್ಕಿಲ್ಲ ಅಂದುಕೊಂಡೆ. ಆಮೇಲೆ ಕೂಸಿಗೆ ಹುಷಾರಿಲ್ಲವೇನೋ ಅಂದುಕೊಂಡೆ. ಆಮೇಲೆ ಏನು ಅಂದುಕೊಳ್ಳಬೇಕೋ ತಿಳಿಯದಾಯಿತು. ಅಂಚೆಗೆ ಹಾಕಲು ಧೈರ್ಯವಾಗಲಿಲ್ಲ. ನಮ್ಮ ಓಣಿಯ ಸರ್ದಾರಬೀ ಬಳೆ ಮಾರುತ್ತ ತಳಕಲ್ ಕಡೆ ಬರುತ್ತಾಳಲ್ಲ, ಅವಳ ಬುಟ್ಟಿಯಲ್ಲಿ ಬಳೆ ಸುತ್ತಿದ ಕಾಗದದೊಳಗೆ ಇದನ್ನಿಟ್ಟು ಕೊಡುತ್ತಿದ್ದೇನೆ. ಪಕ್ಕದಲ್ಲಿ ಬೇರೆ ಯಾರಾದರೂ ಇದ್ದರೆ ಕೊಡದೆ ವಾಪಸು ತಾ ಎಂದು ಹೇಳಿದ್ದೇನೆ.

ನೆನಪಿದೆಯಾ ಅಕ್ಕ, ಹೋದ ಆಗಸ್ಟಿನಲ್ಲಿ ನಿನ್ನ ಗಂಡ ಶರಣಣ್ಣನನ್ನೂ ನಮ್ಮ ರಫೀಕ ಭಾಯಿಯನ್ನೂ ಒಂದೇ ಜೀಪಿನಲ್ಲಿ ಕೂಡಿಸಿಕೊಂಡು ಹೋದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ಠಾಣೆಯ ಹೊರಗೆ ಬೇವಿನ ಗಿಡದ ಕೆಳಗೆ ನೀನು ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದೆ. ನಾನು ರಫೀಕನ ತಂಗಿ ಎಂದಾಗ ಸರಿದು ಜಾಗ ಕೊಟ್ಟೆ. ಇವರು ಮಾಡಿದ್ದಾದರೂ ಏನು? ಶರಣಣ್ಣ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಭಾಯಿ ಶಾಲೆಯ ವ್ಯಾನು ಓಡಿಸುವವ. ಕಾರ್ಖಾನೆಯ ಕರಿ ಬೂದಿ ಹೊಲದ ಮೇಲೆ, ಕುಡಿಯುವ ನೀರಿನ ಮೇಲೆ ಬೀಳುತ್ತಿದೆ, ಕಾರ್ಖಾನೆಯನ್ನು ಇನ್ನಷ್ಟು ದೊಡ್ಡದು ಮಾಡಬೇಡಿ ಎಂದು ಹಳ್ಳಿಯವರ ಜೊತೆ ಧರಣಿ ಕೂತರು. ಅಷ್ಟೇ. ಕಾರ್ಖಾನೆಯ ಜೆಸಿಬಿಗೆ ಯಾರೋ ಬೆಂಕಿ ಹಚ್ಚಿದರು, ಇವರ ಹೆಸರು ಬರೆದುಕೊಂಡರು. ಆ ರಾತ್ರಿ ಭಾಯಿ ನಿಮ್ಮ ಮನೆಯಲ್ಲೇ ಉಂಡು ಮಲಗಿದ್ದ. ಮರುದಿನ ಇಬ್ಬರೂ ಯಲಬುರ್ಗಾಕ್ಕೆ ಹೋಗಿ ಮನವಿ ಕೊಡಬೇಕಿತ್ತು. ನೀನು ಮೊದಲ ದಿನವೇ ಪೊಲೀಸರಿಗೆ ಇದನ್ನು ಹೇಳಿದೆ. ಅವರು ತಲೆಯಾಡಿಸಿದರು, ಬರೆದುಕೊಳ್ಳಲಿಲ್ಲ.

ಅಲ್ಲಿಂದ ನಾವು ತಿರುಗದ ಊರಿಲ್ಲ. ತಾವರಗೇರಾ ಸಂತೆಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ನಿಂತು, ಇವರನ್ನು ಬಿಡಿಸಿರಿ ಎಂಬ ಅರ್ಜಿಗೆ ಸಹಿ ಕೇಳಿದೆವು. ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚುವಾಗ ನನಗೆ ಮಾತು ಹೊರಡದೆ ನನ್ನ ಪಾಲಿನದನ್ನೂ ನೀನೇ ಹೇಳಿದೆ. ಇರಕಲ್ಲಗಡದಲ್ಲಿ ಒಂದು ಮನೆ. ಧರಣಿಗೆ ಟ್ರ್ಯಾಕ್ಟರ್ ಹತ್ತಿ ಬಂದಿದ್ದ ಜನ. ಒಳಗೆ ಟಿವಿ ಸದ್ದು ಕೇಳುತ್ತಿತ್ತು, ನಾವು ಬಾಗಿಲು ಬಡಿದೊಡನೆ ಅದು ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ನನಗೆ ಅಳು ಬಂತು. ಅವರಿಗೂ ಮಕ್ಕಳಿದ್ದಾರೆ ಜಾಸ್ಮೀನ ಎಂದು ನೀನು ನನ್ನ ಬೆನ್ನು ಸವರಿದೆ. ಹೋದಲ್ಲೆಲ್ಲ ಬೈಕಿನ ಮೇಲೆ ಕೂತ ಒಬ್ಬ ದೂರದಿಂದ ನಮ್ಮ ಫೋಟೋ ಹೊಡೆಯುತ್ತಿದ್ದ. ಆಗಲೂ ಹೆದರಿಕೆ ಇತ್ತು, ಆದರೆ ಪಕ್ಕದಲ್ಲಿ ನೀನಿದ್ದೆ.

ಈಗಿನ ಹೆದರಿಕೆ ಬೇರೆ ಥರದ್ದು. ನಾನು ಕೆಲಸ ಮಾಡುವ ರಕ್ತ ಪರೀಕ್ಷೆಯ ಲ್ಯಾಬಿಗೆ ಹೋದ ವಾರ ಇಬ್ಬರು ಬಂದಿದ್ದರು. ಸಮವಸ್ತ್ರ ಇರಲಿಲ್ಲ. ಒಬ್ಬ ತೋಳು ಚಾಚಿ ಕೂತ. ನಾನು ಸೂಜಿ ಹಿಡಿಯುವ ಹೊತ್ತಿಗೆ, ನಿಮ್ಮ ಅಣ್ಣ ಹೇಗಿದ್ದಾನೆ ಎಂದು ಕೇಳಿದ. ನನಗೆ ನರ ಸಿಗಲಿಲ್ಲ. ಎರಡನೆಯ ಸಲವೂ ಸಿಗಲಿಲ್ಲ. ಅವನಿಗೆ ನೋವಾಗಿರಬೇಕು, ಆದರೂ ಅವನು ನಗುತ್ತಲೇ ಇದ್ದ. ಅವರು ಹೋದ ಮೇಲೆ ಲ್ಯಾಬಿನ ಮಾಲಕರು ಬೈಯಲಿಲ್ಲ. ಸ್ವಲ್ಪ ದಿನ ಮನೆಯಲ್ಲಿರು ಎಂದರು, ನನ್ನ ಮುಖ ನೋಡದೆ.

ಮನೆಯಲ್ಲಿ ಅಮ್ಮ ಭಾಯಿಯ ಪುಸ್ತಕಗಳನ್ನೆಲ್ಲ ಹರಿದು ನೀರೊಲೆಗೆ ಹಾಕಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ಯಾವುದರಲ್ಲಿ ಏನಿದೆಯೋ ಎಂದು ಎಲ್ಲವನ್ನೂ ಹಾಕಿದಳು. ಅವನ ಹತ್ತನೆಯ ತರಗತಿಯ ಭೂಗೋಳವೂ ಹೋಯಿತು. ಓಣಿಯಲ್ಲಿ ಬೈಕಿನ ಸದ್ದಾದರೆ ಅವಳ ಲಟ್ಟಣಿಗೆ ಹಾಗೇ ನಿಲ್ಲುತ್ತದೆ. ಸದ್ದು ದಾಟಿ ಹೋದ ಮೇಲೆ ಮತ್ತೆ ಲಟ್ಟಿಸುತ್ತಾಳೆ.

ಮೊನ್ನೆ ನಮ್ಮ ವಕೀಲರು ರಜಿಯಾಬೇಗಂ ಮೇಡಂ ಕೊಪ್ಪಳಕ್ಕೆ ಕರೆಸಿದ್ದರು. ಭಾಯಿಯ ಜಾಮೀನು ಅರ್ಜಿ ಇದೇ ೨೨ಕ್ಕೆ ಮತ್ತೆ ಬರುತ್ತದೆ. ಆ ರಾತ್ರಿ ಅವನು ಬೇರೆ ಕಡೆ ಇದ್ದ ಎಂದು ಯಾರೂ ಪ್ರಮಾಣ ಮಾಡಿ ಬರೆದುಕೊಟ್ಟಿಲ್ಲ ಎಂಬ ಕಾರಣಕ್ಕೇ ಹಿಂದಿನ ಸಲ ತಳ್ಳಿಹಾಕಿದ್ದು. ನೀನು ಬರೆದುಕೊಡುತ್ತೇನೆ ಎಂದಿದ್ದೆ. ಆ ಕಾಗದ ಟೈಪಾಗಿ ಅವರ ಮೇಜಿನ ಮೇಲಿದೆ, ನಿನ್ನ ಸಹಿ ಒಂದೇ ಬಾಕಿ. ಶರಣಣ್ಣನ ವಿಷಯದಲ್ಲಿ ಹೆಂಡತಿ ಹೇಳುವ ಮಾತನ್ನು ಕೋರ್ಟು ಅಷ್ಟಾಗಿ ಹಿಡಿಯುವುದಿಲ್ಲವಂತೆ. ಭಾಯಿಗೆ ನೀನು ಸಂಬಂಧಿಕಳಲ್ಲ, ಅದಕ್ಕೇ ಅವನ ವಿಷಯದಲ್ಲಿ ನಿನ್ನ ಮಾತಿಗೆ ತೂಕವಿದೆಯಂತೆ.

ಆಮೇಲೆ ಮೇಡಂ ಬಾಗಿಲು ಎಳೆದುಕೊಂಡು ಇನ್ನೊಂದು ಮಾತು ಹೇಳಿದರು. ಶರಣಣ್ಣನನ್ನು ಮಾಫಿ ಸಾಕ್ಷಿ ಮಾಡಲು ಪೊಲೀಸರು ಓಡಾಡುತ್ತಿದ್ದಾರೆ. ರಫೀಕ ರಾತ್ರಿ ಎದ್ದು ಬೈಕ್ ತೆಗೆದುಕೊಂಡು ಹೋದ, ಬೆಳಗಿನ ಜಾವ ಬಂದ ಎಂದು ಅವನು ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟರೆ ಅವನನ್ನು ಬಿಡುತ್ತಾರೆ. ಭಾಯಿ ಮಾತ್ರ ಒಳಗೇ ಉಳಿಯುತ್ತಾನೆ, ಎಷ್ಟು ವರ್ಷವೋ.

ಅಕ್ಕ, ಅದನ್ನು ಕೇಳಿ ನಾನು ಸುಮ್ಮನಿರಲು ಆಗದೆ ನಿಮ್ಮೂರಿನ ಬಸ್ ಹತ್ತಿದೆ. ಮನೆಯ ತಿರುವಿನವರೆಗೂ ಬಂದೆ. ನೀನು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದೆ. ಕಟ್ಟೆಯ ಮೇಲೆ ಒಬ್ಬ ಗಂಡಸು ಹೆಲ್ಮೆಟ್ ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿದ್ದ, ನಿಮ್ಮ ಮನೆಯವನ ಹಾಗೆ ಕಾಲು ಚಾಚಿ. ನೀನು ಒಮ್ಮೆಯೂ ತಲೆ ಎತ್ತಲಿಲ್ಲ. ನಾನು ಗೋಡೆಗೆ ಒತ್ತಿಕೊಂಡು ನಿಂತು, ಬಂದ ದಾರಿಯಲ್ಲೇ ತಿರುಗಿ ಹೋದೆ. ನಿನ್ನನ್ನು ಕರೆಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅವನಿಗಿಂತ ಹೆಚ್ಚಾಗಿ ನಿನ್ನದೇ ಹೆದರಿಕೆಯಾಯಿತು. ಶಾಂಭವಿ ಅಕ್ಕನೂ ಆ ಕಡೆ ಹೋದಳೇ ಎಂದು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ನಿಜ.

ನಿನ್ನೆ ಜೈಲಿಗೆ ಹೋಗಿ ಭಾಯಿಯನ್ನು ನೋಡಿ ಬಂದೆ. ಶರಣಣ್ಣನನ್ನು ಅವನಿಂದ ಬೇರೆ ಕಡೆ ಇಟ್ಟಿದ್ದಾರಂತೆ. ಕಬ್ಬಿಣದ ಜಾಲಿಯ ಆಚೆ ಮುಖ ಸರಿಯಾಗಿ ಕಾಣಲಿಲ್ಲ, ಎಲ್ಲರೂ ಕೂಗಿ ಮಾತಾಡುವ ಜಾಗದಲ್ಲಿ ಅವನು ಮೆತ್ತಗೆ ಮಾತಾಡುತ್ತಿದ್ದ. ಮೇಡಂ ಹೇಳಿದ್ದನ್ನು ನಾನು ಹೇಳಿದೆ. ಅವನಿಗೆ ಆಗಲೇ ಗೊತ್ತಿತ್ತು. ಅವನು ಹೇಳಿದ್ದು ಇಷ್ಟು: "ಶರಣ ಭಾಳ ಇಳದು ಹೋಗ್ಯಾನ. ಅಂವಾ ಏನರ ಸಹಿ ಮಾಡಿದ್ರ ಶಾಂಭವಕ್ಕಗ ಬೈಬ್ಯಾಡ. ಅಂವಗೂ ಬೈಬ್ಯಾಡ."

ಬೈಯುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ. ಕೊಡಲು ನನ್ನಿಂದ ಆಗಲಿಲ್ಲ. ನಿನಗೆ ಗಂಡ ಬೇಕು, ಕೂಸಿಗೆ ಅಪ್ಪ ಬೇಕು, ಅದು ನನಗೆ ತಿಳಿಯದ್ದೇನಲ್ಲ. ಆದರೆ ಆ ರಾತ್ರಿ ನನ್ನ ಅಣ್ಣನಿಗೆ ನೀನೇ ರೊಟ್ಟಿ ಹಾಕಿದ್ದೀಯ. ಅವನು ಎಲ್ಲಿದ್ದ ಎಂದು ನಿನಗೆ ಗೊತ್ತಿದೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಹೇಳಲಾರೆವು, ನಾವ್ಯಾರೂ ಅಲ್ಲಿರಲಿಲ್ಲ.

೨೨ಕ್ಕೆ ನಾನು ಕೋರ್ಟಿನ ಗೇಟಿನ ಹತ್ತಿರ ಇರುತ್ತೇನೆ. ನೀನು ಬರದಿದ್ದರೂ ಇರುತ್ತೇನೆ.

ನಿನ್ನನ್ನೇ ನೆಚ್ಚಿಕೊಂಡ ತಂಗಿ,
ಜಾಸ್ಮೀನ

ಮರೆತ ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಚುಚ್ಚಿದ ಹಾಗೆ ಆಗುತ್ತದೆ ಎಂದು. ಪೊಲೀಸರು ಮೊದಲು ಕೇಳಿದ್ದು ಭಾಯಿಯನ್ನೇ. ಬೆಂಕಿ ಹಚ್ಚಿದ್ದು ಶರಣಕುಮಾರ ಎಂದು ಹೇಳು, ನಿನ್ನನ್ನು ಬಿಡುತ್ತೇವೆ ಎಂದಿದ್ದರಂತೆ. ಅವನು ಒಪ್ಪಲಿಲ್ಲ. ಓದಿ ಈ ಕಾಗದವನ್ನು ಸುಟ್ಟುಬಿಡು.

*

ತಳಕಲ್
೨೪ ಜನವರಿ ೨೦೨೫

ನನ್ನ ಜಾಸ್ಮೀನಳಿಗೆ ಅಕ್ಕನ ನೂರು ಆಶೀರ್ವಾದಗಳು.

ರಫೀಕ ಇಷ್ಟೊತ್ತಿಗೆ ಮನೆಗೆ ಬಂದಿರಬೇಕು. ನಿಮ್ಮ ಅಮ್ಮ ಅವನಿಗೆ ಏನು ಮಾಡಿ ಹಾಕಿದರೋ, ಅವನು ಎಷ್ಟು ಉಂಡನೋ, ಇಲ್ಲಿ ಕೂತೇ ನೋಡಿದ ಹಾಗೆ ಅನಿಸುತ್ತಿದೆ. ಮೊನ್ನೆ ಕೋರ್ಟಿನ ಅಂಗಳದಲ್ಲಿ ಜಾಮೀನು ಸಿಕ್ಕಿತು ಎಂದು ನೀನು ಓಡಿ ಬಂದು ನನ್ನ ಕೈ ಹಿಡಿದೆ, ನಾನು ಕೈ ಬಿಡಿಸಿಕೊಂಡು ಹೊರಟೆ. ನಿನ್ನ ಮುಖ ಸಣ್ಣದಾದದ್ದು ಕಂಡಿತು. ಬಸ್ಸಿನ ಹೊತ್ತಾಗಿತ್ತು, ಪಕ್ಕದ ಮನೆಯಲ್ಲಿ ಬಿಟ್ಟು ಬಂದ ಕೂಸು ಹಸಿದಿರುತ್ತದೆ ಎಂಬುದೂ ನಿಜವೇ. ಆದರೆ ಅದೊಂದೇ ಅಲ್ಲ. ಅದಕ್ಕೇ ಸರ್ದಾರಬೀ ಮತ್ತೆ ಬರುವುದನ್ನೇ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ.

ನೀನು ನೋಡಿದೆಯಲ್ಲ, ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದವನು, ಅವನು ಪೊಲೀಸ. ದಿನ ಬಿಟ್ಟು ದಿನ ಬರುತ್ತಾನೆ. ಚಹಾ ಮಾಡಿ ಎಂದು ಕೇಳುವುದಿಲ್ಲ, ಕೂತಿರುತ್ತಾನೆ ಅಷ್ಟೇ. ಕೊಡದಿದ್ದರೆ ಏನಾಗುತ್ತದೋ ಎಂದು ನಾನೇ ಮಾಡಿ ಕೊಡುತ್ತೇನೆ. ಅವನನ್ನು ಮೊದಲು ಕರೆದುಕೊಂಡು ಬಂದದ್ದು ಒಬ್ಬ ದೊಡ್ಡ ಸಾಹೇಬರು, ಡಿಸೆಂಬರಿನಲ್ಲಿ. ಅತ್ತೆ ಹೊಲಕ್ಕೆ ಹೋಗಿದ್ದರು. ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದರು, ನನ್ನನ್ನು ತಂಗಿ ಎಂದರು, ಕೂಸಿನ ಗಲ್ಲ ಮುಟ್ಟಿದರು. ಪರೀಕ್ಷೆ ಮಾಡಿ ಕೊಡುತ್ತೇವೆ ಎಂದು ನನ್ನ ಫೋನು ತೆಗೆದುಕೊಂಡರು. ನಿಮ್ಮ ಗಂಡ ಬುದ್ಧಿವಂತ, ಒಂದು ಹೇಳಿಕೆ ಕೊಟ್ಟರೆ ಯುಗಾದಿಗೆ ಮನೆಯಲ್ಲಿರುತ್ತಾನೆ, ಅಷ್ಟರೊಳಗೆ ನೀವು ಆ ವಕೀಲರ ಕಾಗದಕ್ಕೆ ಸಹಿ ಹಾಕಿ ಕೆಲಸ ಕೆಡಿಸಬೇಡಿ ಎಂದರು. ನಾನು ಧೈರ್ಯ ಮಾಡಿ, ರಫೀಕ ಅವತ್ತು ನಮ್ಮಲ್ಲೇ ಇದ್ದನಲ್ಲ ಎಂದೆ. ಆಗ ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ದನಿ ಏರಿಸಲಿಲ್ಲ.

"ನೋಡ್ರಿ ತಂಗಿ, ಒಬ್ಬ ಸಾಬರ ಹುಡುಗ ರಾತ್ರಿ ನಿಮ್ಮ ಮನ್ಯಾಗ ಉಳದಿದ್ದ ಅಂತ ನೀವ ಬರದುಕೊಟ್ರ, ಗಂಡಗ ನಿದ್ದಿ ಹತ್ತಿದ ಮ್ಯಾಲ ಅಂವ ಎಲ್ಲಿದ್ದ ಅಂತ ಕೋರ್ಟಿನ್ಯಾಗ ಕೇಳತಾರ. ಪೇಪರಿನವರು ಬರಕೊಳ್ಳಾಕ ಕುಂತಿರತಾರ. ಊರಾಗ ಬಾಳೆ ಮಾಡಾಕಿ ನೀವು, ವಿಚಾರ ಮಾಡ್ರಿ."

ಅವರು ಹೋದ ಮೇಲೆ ನಾನು ಒಲೆಯ ಮುಂದೆ ಕೂತೆ, ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ. ಈ ಮಾತನ್ನು ಯಾರಿಗೆ ಹೇಳಲಿ? ನಮ್ಮವರಿಗೆ ಜಾಲಿಯ ಈಚೆ ನಿಂತು ಕೂಗಿ ಹೇಳುವ ಮಾತೇ ಅದು? ಅತ್ತೆಗೆ ಹೇಳಿದರೆ ಅವರೇನು ಅಂದುಕೊಳ್ಳುತ್ತಾರೋ. ನಿನಗೆ ಹೇಳಬಹುದಿತ್ತು. ಆದರೆ ರಫೀಕ ನಿನ್ನ ಅಣ್ಣ. ಅವನ ಹೆಸರಿನ ಜೊತೆ ಆ ಕೊಳಕು ಮಾತನ್ನು ಸೇರಿಸಿ ನಿನ್ನ ಮುಂದೆ ಹೇಳಲು ನಾಲಗೆ ಬರಲಿಲ್ಲ. ಅದಕ್ಕೇ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟೆ. ನೀರಿಗೆ ಹೋದಾಗ ಇಬ್ಬರು ಹೆಂಗಸರು ಮೆಲ್ಲಗೆ ಮಾತಾಡಿದರೂ ನನ್ನದೇ ಇರಬೇಕು ಅನ್ನಿಸುತ್ತಿತ್ತು.

ನಿನ್ನ ಕಾಗದ ಬಂದ ದಿನ ಅತ್ತೆ ಮಾಳಿಗೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ನಾನು ಓದುತ್ತಿರುವುದನ್ನು ನೋಡಿ ಯಾರದು ಎಂದು ಕೇಳಿದರು. ರಫೀಕನ ತಂಗಿಯದು ಎಂದೆ. ಓದಿ ಹೇಳು ಎಂದರು. ನಾನು ನಡುವೆ ನಡುವೆ ಬಿಟ್ಟು ಓದಿದೆ. ಅವರಿಗೆ ಅಕ್ಷರ ಬರುವುದಿಲ್ಲ, ಆದರೆ ನಾನು ಎಲ್ಲಿ ಬಿಟ್ಟೆ ಎಂಬುದು ಪ್ರತಿ ಸಲವೂ ತಿಳಿಯಿತು. ಬಿಟ್ಟದ್ದನ್ನೂ ಓದು ಎಂದರು. ಓದಿದೆ. ಮಗನನ್ನು ಮಾಫಿ ಸಾಕ್ಷಿ ಮಾಡುತ್ತಾರೆ ಎಂಬಲ್ಲಿ ಅವರ ಕೈ ಮೊರದಲ್ಲೇ ನಿಂತಿತು. ಆಮೇಲೆ ನಾನಾಗಿಯೇ ಸಾಹೇಬರ ಮಾತನ್ನೂ ಹೇಳಿಬಿಟ್ಟೆ, ತಲೆ ತಗ್ಗಿಸಿಕೊಂಡು.

ಬೈಯುತ್ತಾರೆ, ಅಳುತ್ತಾರೆ, ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಬಹಳ ಹೊತ್ತು ಕಲ್ಲು ಆರಿಸುತ್ತಲೇ ಇದ್ದರು. ಕಡೆಗೆ ಕೇಳಿದರು, ಅವತ್ತು ಆಕಳು ಕರು ಹಾಕುವ ಹಾಗಿತ್ತು ನೆನಪಿದೆಯಾ ಎಂದು. ನನಗೆ ನೆನಪಿರಲಿಲ್ಲ.

"ಆಕಳ ದನಿ ಕೇಳಲಿ ಅಂತ ನಾ ತಲಬಾಗಲಕ್ಕ ಅಡ್ಡ ಹಾಸಿಕೊಂಡಿದ್ದೆ. ಕಣ್ಣಿಗೆ ಕಣ್ಣು ಹತ್ತಿಲ್ಲ ನನಗ. ಆ ಹುಡುಗ ಪಡಸಾಲ್ಯಾಗ ಗ್ವಾಡಿ ಬಾಜೂಕ ಮಲಗಿದ್ದ, ನಾನ ಕೌದಿ ಕೊಟ್ಟಿದ್ದೆ. ಅಂವ ಎದ್ದು ಹೋಗಬೇಕಂದ್ರ ನನ್ನ ದಾಟಿ ಹೋಗಬೇಕಿತ್ತು. ಪೊಲೀಸರು ಇಷ್ಟು ಸಲ ಬಂದ್ರು, ನನ್ನ ಒಬ್ಬರೂ ಕೇಳಲಿಲ್ಲ."

ಜಾಸ್ಮೀನ, ನಾನೂ ಅವರನ್ನು ಕೇಳಿರಲಿಲ್ಲ. ನೀನು, ನಾನು, ವಕೀಲರು, ಯಾರೂ ಕೇಳಿರಲಿಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ನಾನು ಅಂಗಡಿಯವರ ಫೋನಿನಿಂದ ರಜಿಯಾ ಮೇಡಂಗೆ ಮಾತಾಡಿದೆ. ಅವರು ಮರೆಮಾಚದೆ ಹೇಳಿದರು. ಅತ್ತೆ, ಸೊಸೆ ಇಬ್ಬರೂ ಬರೆದುಕೊಟ್ಟರೆ ರಫೀಕನಿಗೆ ಜಾಮೀನು ಸಿಗುವ ಸಾಧ್ಯತೆ ಇದೆ. ಆದರೆ ಮುಂದೆ ನಮ್ಮವರು ಅದಕ್ಕೆ ವಿರುದ್ಧವಾಗಿ ಹೇಳಿಕೆ ಕೊಟ್ಟು, ಅದು ಸುಳ್ಳು ಎಂದು ಸಾಬೀತಾದರೆ ಅವರ ಮಾಫಿ ರದ್ದಾಗುತ್ತದೆ, ಸುಳ್ಳು ಸಾಕ್ಷಿಯ ಕೇಸೂ ಬೀಳಬಹುದು. ಇದನ್ನು ಅತ್ತೆಗೆ ಹೇಳಿದ ದಿನ ಅವರು ಉಣ್ಣಲಿಲ್ಲ. ಒಬ್ಬನೇ ಮಗ. ಸಂಜೆ ದನಕ್ಕೆ ಮೇವು ಹಾಕುತ್ತ, ಮೊದಲು ಅವನನ್ನು ನೋಡಿ ಬರೋಣ ಎಂದರು.

ಸೋಮವಾರ ಹೋದೆವು. ನಮ್ಮವರು ಗಡ್ಡ ಬಿಟ್ಟಿದ್ದಾರೆ, ಕತ್ತು ಬಡಕಲಾಗಿದೆ. ಅಂಗಿಯ ಕಿಸೆಯಲ್ಲಿ ಕೂಸಿನ ಫೋಟೋ ಇತ್ತು, ಅಂಚೆಲ್ಲ ಸವೆದಿತ್ತು. ಹಲ್ಲು ಬಂದವೇ ಎಂದು ಕೇಳಿದರು. ಕೆಳಗೆ ಎರಡು ಬಂದಿವೆ ಎಂದೆ. ಅತ್ತೆ ಜಾಲಿಗೆ ಬೆರಳು ತೂರಿಸಿ ಅವರ ಬೆರಳು ಹಿಡಿದುಕೊಂಡು ನಿಂತರು. ಹೆಚ್ಚು ಮಾತಾಗಲಿಲ್ಲ. ಹೊತ್ತಾಯಿತು ಎಂದು ಕಳಿಸಿದರು.

೨೨ಕ್ಕೆ, ಬುಧವಾರ ಬೆಳಿಗ್ಗೆ ಹೊರಡುವಾಗ ಆ ಪೊಲೀಸ ಆಗಲೇ ಬಸ್ಸಿನ ಹತ್ತಿರ ನಿಂತಿದ್ದ. ಎಲ್ಲಿಗೆ ಹೊರಟಿರಿ ಎಂದ. ಅತ್ತೆ ಕಣ್ಣು ತೋರಿಸಲು ದವಾಖಾನೆಗೆ ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೊಪ್ಪಳ ಮುಟ್ಟುವವರೆಗೆ ಹಿಂದೆ ತಿರುಗಿ ನೋಡಲಿಲ್ಲ ನಾವು. ಮೇಡಂ ಕಾಗದ ಓದಿ ಹೇಳಿ, ಹೆಬ್ಬೆಟ್ಟು ಒತ್ತಿರಿ ಎಂದಾಗ ಅತ್ತೆ ಒತ್ತಿದ ಮೊದಲನೆಯದು ಕಲೆಸಿಹೋಯಿತು. ಇನ್ನೊಂದು ಕಾಗದ ತೆಗೆಸಬೇಕಾಯಿತು. ಎರಡನೆಯ ಸಲ ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ನನ್ನ ಸಹಿಯೂ ನೆಟ್ಟಗೆ ಬಂದಿಲ್ಲ.

ಕೋರ್ಟಿನ ಒಳಗೆ ನೀನು ಆ ಬದಿಯ ಗೋಡೆಯ ಹತ್ತಿರ ಇದ್ದೆ. ಬಾಗಿಲಲ್ಲಿ ಸಾಹೇಬರು ನಿಂತದ್ದು ನಿನಗೆ ಕಂಡಿತೋ ಇಲ್ಲವೋ. ಸರ್ಕಾರಿ ವಕೀಲರು ಎದ್ದು, ಹೊತ್ತಲ್ಲದ ಹೊತ್ತಿನಲ್ಲಿ ಪರಗಂಡಸನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹೆಂಗಸಿನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದರು. ಹೆದರಿಸಿದಾಗ ಅನಿಸಿದ್ದಕ್ಕಿಂತ, ನಿಜವಾಗಿ ಹತ್ತು ಜನರ ಮುಂದೆ ಅದನ್ನು ಕೇಳುವುದು ಬಹಳ ಕೆಟ್ಟದ್ದು. ಎದ್ದು ಓಡಿಬಿಡುತ್ತಿದ್ದೆನೇನೋ, ಅತ್ತೆ ನನ್ನ ಸೆರಗಿನ ಮೇಲೆ ಕೂತಿದ್ದರು. ಬೇಕೆಂದೇ ಕೂತಿದ್ದರೋ ಗೊತ್ತಿಲ್ಲ. ನ್ಯಾಯಾಧೀಶರು, ಈ ಮಾತು ಸಾಕು ಎಂದು ಅವರನ್ನು ತಡೆದು, ಹೆಬ್ಬೆಟ್ಟು ಒತ್ತಿದ ಕಳಕಮ್ಮ ಇಲ್ಲಿದ್ದಾರೆಯೇ ಎಂದು ಕೇಳಿದರು. "ಅದೀನ್ರಿ" ಎಂದು ಅತ್ತೆ ಎದ್ದು ನಿಂತರು. ಇದರಲ್ಲಿ ಬರೆದದ್ದು ನೀವು ಹೇಳಿದ್ದೇ ಎಂದು ಕೇಳಿದ್ದಕ್ಕೆ ಹೌದೆಂದರು. ಅಷ್ಟೇ. ಮಧ್ಯಾಹ್ನ ಆದೇಶ ಬಂತು. ಅದು ನಿನಗೆ ಗೊತ್ತೇ ಇದೆ.

ಊರಿಗೆ ಬಂದ ಮೇಲಿನದು ನಿನಗೆ ಗೊತ್ತಿಲ್ಲ. ಮರುದಿನವೇ ಒಂದು ಪೇಪರಿನಲ್ಲಿ ಬಂತು, ಹೆಸರು ಹಾಕಿಲ್ಲ, ಆದರೆ ತಳಕಲ್ಲಿನ ಉಪನ್ಯಾಸಕನ ಪತ್ನಿ ಎಂದರೆ ಯಾರಿಗೆ ತಿಳಿಯುವುದಿಲ್ಲ? ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದವಳು ಈಗ ಆಚೆ ಓಣಿಯಿಂದ ಸುತ್ತಿ ಹೋಗುತ್ತಾಳೆ. ನಿನ್ನೆ ಸಂಜೆ ಆ ಪೊಲೀಸ ಬಂದಿದ್ದ. ಚಹಾ ತಂದಿಟ್ಟರೆ ಬೇಡವೆಂದ. ಕಟ್ಟೆಯ ಮೇಲೆ ಕೂಡಲಿಲ್ಲ, ಬೈಕಿನಿಂದ ಇಳಿಯಲೂ ಇಲ್ಲ, ಸುಮ್ಮನೆ ಮನೆಯನ್ನು ನೋಡಿ ಹೋದ. ಅವನು ಚಹಾ ಕುಡಿಯುತ್ತಿದ್ದ ದಿನಗಳೇ ವಾಸಿ ಎನಿಸುವಷ್ಟು ಹೆದರಿಕೆಯಾಯಿತು. ಕೂಸನ್ನು ಎತ್ತಿಕೊಂಡು ಒಳಗಿನ ಕೋಣೆಯಲ್ಲಿ ಕೂತೆ. ಅತ್ತೆ ಮಾತ್ರ ಹೊರಗೇ ಇದ್ದು, ಆರಿಹೋದ ಆ ಚಹಾವನ್ನು ತಾವೇ ಕುಡಿದರು.

ನೀನು ಅಂದುಕೊಂಡಷ್ಟು ಧೈರ್ಯವಂತೆ ನಾನಲ್ಲ. ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ನಿನ್ನ ಪಾಲಿನ ಮಾತನ್ನೂ ಆಡಿದೆನಲ್ಲ, ಸುಮ್ಮನೆ ನಿಂತರೆ ನಡುಗುವುದು ಕಾಣುತ್ತದೆ ಎಂದೇ ಮಾತಾಡುತ್ತಿದ್ದೆ. ನಿಮ್ಮ ಅಮ್ಮ ಹಸೀನಾಬೇಗಂ ಅವರಿಗೆ ನನ್ನ ನಮಸ್ಕಾರ ತಿಳಿಸು. ರಫೀಕನನ್ನು ಕೆಲ ದಿನ ಒಬ್ಬನೇ ಎಲ್ಲಿಗೂ ಕಳಿಸಬೇಡಿ.

ನಿನ್ನ ಕೈ ಬಿಡಿಸಿಕೊಂಡು ಬಂದ ಅಕ್ಕ,
ಶಾಂಭವಿ

ಕಡೆಯ ಮಾತು: ಮೇಲೆ ಒಂದನ್ನು ಬರೆಯದೆ ಬಿಟ್ಟಿದ್ದೇನೆ. ಸೋಮವಾರ ಜೈಲಿನಲ್ಲಿ ಹೆಚ್ಚು ಮಾತಾಗಲಿಲ್ಲ ಎಂದೆನಲ್ಲ, ಒಂದು ಮಾತಾಯಿತು. ನಮ್ಮವರು ಆಗಲೇ ಮಾಫಿ ಸಾಕ್ಷಿಯಾಗುವ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಬಿಟ್ಟಿದ್ದರು. ಇದೇ ೩೦ಕ್ಕೆ ನ್ಯಾಯಾಧೀಶರ ಮುಂದೆ ರಫೀಕನ ಮೇಲೆ ಹೇಳಿಕೆ ಕೊಡುತ್ತಾರೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ಅವ್ವನ ಮುಖವನ್ನೂ ನೋಡಲಿಲ್ಲ. ಅದು ಗೊತ್ತಿದ್ದೇ ನಾವು ಬುಧವಾರ ಬಂದು ಬರೆದುಕೊಟ್ಟದ್ದು. ಅದಕ್ಕೇ ನಿನ್ನ ಕೈಯಲ್ಲಿ ಕೈ ಇಟ್ಟು ನಿಲ್ಲಲು ಆಗಲಿಲ್ಲ. ಮೇಡಂಗೂ ಕೋರ್ಟು ಮುಗಿದ ಮೇಲೆಯೇ ಹೇಳಿದೆ. ಅತ್ತೆ ೩೦ಕ್ಕೆ ಹೋಗೋಣ, ನಾವು ಹೊರಗೆ ಕೂತಿರುವುದನ್ನು ಅವನು ನೋಡಿಕೊಂಡೇ ಒಳಗೆ ಹೋಗಲಿ ಎನ್ನುತ್ತಿದ್ದಾರೆ. ನೋಡಿ ಮನಸ್ಸು ಬದಲಾಯಿಸಿದರೆ ಅವರಿಗೆ ಜೈಲು, ಬದಲಾಯಿಸದಿದ್ದರೆ ನಾವು ಅವರಿಗೆ ಎದುರು ಸಾಕ್ಷಿ. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ. ರಫೀಕನಿಗೆ ಇದನ್ನು ಈಗಲೇ ಹೇಳಬೇಡ. ಆಗುವುದಾದರೆ ಅವತ್ತು ನೀನು ಬಂದು ಕೋರ್ಟಿನ ಹೊರಗಿನ ಬೆಂಚಿನ ಮೇಲೆ ನಮ್ಮ ಜೊತೆ ಕೂತುಕೋ.